ವೇಗದ ಕಾರೂ ಬ್ರೇಕಿನ ದ್ರವವೂ

ವೇಗದ ಕಾರುಗಳ ವಿಷಯವಾಗಿ ಮಾತನಾಡುವ ತರುಣರು ಎಂಜಿನಿನ ಅಶ್ವಶಕ್ತಿ ಎಷ್ಟು, ನಿಂತಲ್ಲಿಂದ ಹೊರಟು ನೂರು ಕಿಲೋಮೀಟರ್ ವೇಗವನ್ನು ಮುಟ್ಟಲು ಎಷ್ಟು ಸೆಕೆಂಡು ಬೇಕು ಎಂಬುದನ್ನೆಲ್ಲ ಬಾಯಿಪಾಠವಾಗಿ ಹೇಳಬಲ್ಲರು. ಅದೇ ಕಾರನ್ನು ನಿಲ್ಲಿಸುವ ದ್ರವವನ್ನು ಕಡೆಯ ಬಾರಿ ಬದಲಾಯಿಸಿದ್ದು ಯಾವಾಗ ಎಂದು ಕೇಳಿದರೆ ಮಾತ್ರ ಉತ್ತರ ಬರುವುದು ಅಪರೂಪ. ಬಂದರೂ, “ಇರುವುದರಲ್ಲೆಲ್ಲ ಬೆಲೆಯುಳ್ಳದ್ದನ್ನೇ ಹಾಕಿಸಿದ್ದೇನೆ” ಎಂಬುದೇ ಆ ಉತ್ತರವಾಗಿರುತ್ತದೆ. ಇದು ತಪ್ಪು ಉತ್ತರವೆಂದೂ, ಪ್ರಾಣಕ್ಕೆ ಅಪಾಯವನ್ನು ತರುವಷ್ಟು ತಪ್ಪೆಂದೂ ನನ್ನ ಅಭಿಪ್ರಾಯ. ದ್ರವ ಯಾವುದು ಎಂಬ ಪ್ರಶ್ನೆಗಿಂತ ಅದು ಎಷ್ಟು ಹಳೆಯದು ಎಂಬ ಪ್ರಶ್ನೆ ದೊಡ್ಡದು.

ಕೆಲವು ವರ್ಷಗಳ ಹಿಂದೆ ಸೋದರಳಿಯನೊಡನೆ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯ ಓಟದ ಪಥಕ್ಕೆ ಹೋಗಿದ್ದೆ. ಸ್ವಂತ ಕಾರನ್ನು ತಂದು ಓಡಿಸಬಯಸುವವರಿಗೆ ಅವಕಾಶವಿದ್ದ ದಿನ ಅದು. ಹೊರಡುವ ಮುನ್ನ ಬ್ರೇಕಿನ ವಿಚಾರ ಕೇಳಿದೆ. “ಅದರಲ್ಲಿರುವುದು ರೇಸಿನ ಬ್ರೇಕ್ ಆಯಿಲ್ ಮಾವ, ಮುನ್ನೂರು ಡಿಗ್ರಿಯಾದರೂ ಕುದಿಯುವುದಿಲ್ಲ” ಎಂದ. ಅದನ್ನು ಹಾಕಿಸಿದ ಮೇಲೆ ನಾಲ್ಕು ಮಳೆಗಾಲಗಳು ಕಳೆದಿದ್ದುವೆಂಬುದು ಆಮೇಲೆ ತಿಳಿಯಿತು. ಐದನೆಯ ಸುತ್ತಿನಲ್ಲಿ, ನೇರವಾದ ದಾರಿಯ ಕೊನೆಯಲ್ಲಿ, ಅವನ ಕಾಲಡಿಯ ಪೆಡಲು ಯಾವ ಅಡ್ಡಿಯೂ ಇಲ್ಲದೆ ಕೆಳಕ್ಕಿಳಿದುಹೋಯಿತು. ತಿರುವಿನಾಚೆ ಬಯಲಿತ್ತು, ಕಾರು ಅಲ್ಲಿಗೆ ನುಗ್ಗಿ ನಿಂತಿತು. ಆಗುಂಬೆಯ ಘಾಟಿಯಲ್ಲಾದರೆ ತಿರುವಿನಾಚೆ ಇರುವುದು ಬಯಲಲ್ಲ.

ಇದಕ್ಕೆ ಕಾರಣವೇನು? ಪ್ಯಾಸ್ಕಲನ ನಿಯಮವನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ಕುಂದಿಲ್ಲದೆ ಎಲ್ಲೆಡೆಗೂ ಹರಡುತ್ತದೆ. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟಿದ ಒತ್ತಡ ನಾಲ್ಕು ಗಾಲಿಗಳಿಗೂ ಮುಟ್ಟುವುದು ಹೀಗೆ. ಆದರೆ ಕಾರನ್ನು ನಿಲ್ಲಿಸುವುದೆಂದರೆ ಅದರ ಚಲನಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸುವುದು. ೧,೫೦೦ ಕಿಲೋಗ್ರಾಂ ತೂಕದ ಕಾರು ಗಂಟೆಗೆ ೧೦೦ ಕಿಲೋಮೀಟರ್ ವೇಗದಿಂದ ನಿಲುಗಡೆಗೆ ಬಂದರೆ ಸುಮಾರು ೫೮೦ ಕಿಲೋಜೂಲ್ ಉಷ್ಣ ಹೊರಬೀಳುತ್ತದೆ. ೨೫ ಡಿಗ್ರಿಯಲ್ಲಿರುವ ೧.೮ ಲೀಟರ್ ನೀರನ್ನು ಕುದಿಬಿಂದುವಿಗೆ ತರಲು ಅಷ್ಟು ಸಾಕು. ವೇಗ ೨೦೦ ಆದಾಗ ಉಷ್ಣ ನಾಲ್ಕು ಮಡಿ, ಎಂದರೆ ಏಳು ಲೀಟರಿಗೂ ಮಿಗಿಲಾದ ನೀರಿಗೆ ಸಾಲುವಷ್ಟು. ಓಟದ ಪಥದಲ್ಲಿ ಕಾರು ಪೂರ್ತಿ ನಿಲ್ಲದಿದ್ದರೂ, ಪ್ರತಿ ತಿರುವಿನಲ್ಲಿಯೂ ಇದರ ಒಂದು ಪಾಲು ಡಿಸ್ಕು ಪ್ಯಾಡುಗಳನ್ನು ಸೇರಿ, ಪಿಸ್ಟನ್ನಿನ ಮೂಲಕ ಅದರ ಹಿಂದಿನ ದ್ರವವನ್ನು ಕಾಯಿಸುತ್ತದೆ. ಆರುವುದಕ್ಕೆ ವೇಳೆಯಿಲ್ಲ. ಕಡೆಗೆ ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಹಿಂಡಲಾಗದು, ಆವಿಯನ್ನು ಹಿಂಡಬಹುದು. ಕಾಲಿನ ಶ್ರಮವೆಲ್ಲ ಗುಳ್ಳೆಗಳನ್ನು ಹಿಂಡುವುದರಲ್ಲಿಯೇ ವ್ಯಯವಾಗಿ ಗಾಲಿಗೆ ಏನೂ ಮುಟ್ಟುವುದಿಲ್ಲ.

ಇದರಲ್ಲೊಂದು ಕಪಟವಿದೆ. ಒತ್ತಡ ಹೆಚ್ಚಿದಂತೆ ಕುದಿಬಿಂದುವೂ ಏರುವುದರಿಂದ, ಪೆಡಲನ್ನು ಬಲವಾಗಿ ತುಳಿದಿರುವಾಗ ಕಾದ ದ್ರವ ಸುಮ್ಮನಿರುತ್ತದೆ. ಕಾಲು ತೆಗೆದೊಡನೆ ಒತ್ತಡವಿಳಿದು ಕುದಿಯತೊಡಗುತ್ತದೆ. ಹೀಗಾಗಿ ಒಂದು ತಿರುವಿನಲ್ಲಿ ಸರಿಯಾಗಿದ್ದ ಬ್ರೇಕು ಮುಂದಿನ ತಿರುವಿನಲ್ಲಿ ಇರುವುದೇ ಇಲ್ಲ. ಪೆಡಲು ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಅದು ಪ್ಯಾಡು ಅತಿಯಾಗಿ ಕಾದುದರ ಗುರುತು; ಪೆಡಲು ಮೆತ್ತಗಾದರೆ ದ್ರವವನ್ನೇ ಸಂದೇಹಿಸಬೇಕು.

ಇನ್ನು ನಾಲ್ಕು ಮಳೆಗಾಲಗಳ ಪಾತ್ರ. ಗ್ಯಾರೇಜುಗಳಲ್ಲಿ ಎಲ್ಲರೂ ‘ಬ್ರೇಕ್ ಆಯಿಲ್’ ಎಂದರೂ ಇದು ಎಣ್ಣೆಯಲ್ಲ. ಎಂಜಿನಿನ ಎಣ್ಣೆಯನ್ನು ಇಲ್ಲಿ ಸುರಿದರೆ ರಬ್ಬರಿನ ಸೀಲುಗಳು ಉಬ್ಬಿ ಕೆಡುತ್ತವೆ. ಸಾಮಾನ್ಯವಾಗಿ ಬಳಕೆಯಲ್ಲಿರುವುದು ಗ್ಲೈಕಾಲ್ ಈಥರುಗಳಿಂದಾದ ದ್ರವ. ಮಳೆಗಾಲದಲ್ಲಿ ಉಪ್ಪು ಒದ್ದೆಯಾಗುವಂತೆ ಇದೂ ಗಾಳಿಯ ತೇವವನ್ನು ಹೀರುತ್ತದೆ; ರಬ್ಬರಿನ ಕೊಳವೆಗಳ ಮೂಲಕವೂ ನೀರಿನಂಶ ಮೆಲ್ಲಮೆಲ್ಲನೆ ಒಳಸೇರುತ್ತದೆ. ಇದು ಕೇವಲ ದೋಷವಲ್ಲ. ಹೀರದಿದ್ದರೆ ನೀರು ಹನಿಯಾಗಿ ತಗ್ಗಿನಲ್ಲಿ ನಿಂತು, ತುಕ್ಕು ಹಿಡಿಸಿ, ನೂರು ಡಿಗ್ರಿಗೇ ಕುದಿಯುತ್ತಿತ್ತು. ಹೀರಿದ ಗುಣಕ್ಕೆ ತೆರುವ ಬೆಲೆಯೆಂದರೆ ಇಡೀ ದ್ರವದ ಕುದಿಬಿಂದು ಇಳಿಯುವುದು.

ಆದುದರಿಂದಲೇ ಅಮೆರಿಕದ ಸಾರಿಗೆ ಇಲಾಖೆಯ ನಿಯಮವು ‘ಡಾಟ್’ ಎಂಬ ದರ್ಜೆಗಳಿಗೆ ಎರಡೆರಡು ಕನಿಷ್ಠ ಕುದಿಬಿಂದುಗಳನ್ನು ಗೊತ್ತುಮಾಡಿದೆ: ಹೊಸ ದ್ರವಕ್ಕೆ ಒಂದು, ಸುಮಾರು ಶೇಕಡಾ ೩.೭ರಷ್ಟು ನೀರನ್ನು ಹೀರಿದ ದ್ರವಕ್ಕೆ ಇನ್ನೊಂದು. ಡಾಟ್ ೩ಕ್ಕೆ ಇವು ೨೦೫ ಮತ್ತು ೧೪೦ ಡಿಗ್ರಿ ಸೆಲ್ಸಿಯಸ್, ಡಾಟ್ ೪ಕ್ಕೆ ೨೩೦ ಮತ್ತು ೧೫೫, ಡಾಟ್ ೫.೧ಕ್ಕೆ ೨೬೦ ಮತ್ತು ೧೮೦. ಈ ಅಂಕಿಗಳನ್ನು ಅಡ್ಡಡ್ಡವಾಗಿ ಹೋಲಿಸಿ ನೋಡಿ. ನಿಯಮದ ಕನಿಷ್ಠ ಮಟ್ಟದಲ್ಲಿ, ಈ ದಿನ ತುಂಬಿಸಿದ ಅಗ್ಗದ ಡಾಟ್ ೩, ತೇವ ಹೀರಿದ ಡಾಟ್ ೫.೧ಕ್ಕಿಂತ ೨೫ ಡಿಗ್ರಿ ಮೇಲೆಯೇ ಇದೆ! ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗುವುದು ಒಣ ಅಂಕಿ. ಕಾರಿನಲ್ಲಿ ದುಡಿಯುವುದು ಒದ್ದೆ ಅಂಕಿಯ ಕಡೆಗೆ ದಿನದಿನಕ್ಕೂ ಜಾರುತ್ತಿರುವ ದ್ರವ.

ಡಾಟ್ ೫ ಎಂಬುದು ಬೇರೆಯೇ ಜಾತಿ. ಅದು ಸಿಲಿಕೋನಿನದು, ನೀರನ್ನು ಹೀರದು, ಗ್ಲೈಕಾಲಿನೊಡನೆ ಬೆರೆಯದು. ೫.೧ಕ್ಕೆ ಬದಲಾಗಿ ೫ನ್ನು ಕೊಳ್ಳುವಂತೆ ಹೆಸರಿಟ್ಟವರ ಜಾಣ್ಮೆಗೆ ಏನು ಹೇಳೋಣ!

ಮುನ್ನೂರು ಡಿಗ್ರಿ ಮೀರುವ ಸ್ಪರ್ಧೆಯ ದ್ರವಗಳು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಮೇಲಿಂದ ಮೇಲೆ ಪಥಕ್ಕಿಳಿಯುವವನಿಗೆ ಅವು ಅವಶ್ಯ; ಆದರೆ ಅವನು ಅವನ್ನು ಮೇಲಿಂದ ಮೇಲೆ ಬದಲಾಯಿಸಲೂಬೇಕು. ಊರ ಬೀದಿಯಲ್ಲಿ ಓಡುತ್ತ, ವರ್ಷಕ್ಕೊಮ್ಮೆ ಘಾಟಿಯನ್ನೋ ಪಥವನ್ನೋ ಕಾಣುವ ಕಾರಿಗೆ, ತಯಾರಕರು ಹೇಳಿರುವ ದರ್ಜೆಗೆ ಕಡಿಮೆಯಲ್ಲದ, ಒದ್ದೆ ಅಂಕಿ ಹೆಚ್ಚಾಗಿರುವ ದ್ರವವೇ ಮೇಲು. ಅನೇಕ ತಯಾರಕರು ಎರಡು ವರ್ಷಗಳ ಅವಧಿಯನ್ನು ಹೇಳುತ್ತಾರೆ. ವೇಗದ ಕಾರಿಗೆ, ಅದರಲ್ಲಿಯೂ ಕರಾವಳಿ ಮಲೆನಾಡುಗಳ ತೇವದಲ್ಲಿ, ವರ್ಷಕ್ಕೊಮ್ಮೆ ಬದಲಾಯಿಸುವುದು ಅತಿಯೆಂದು ನನಗೆ ತೋರುವುದಿಲ್ಲ. ಬಣ್ಣ ನೋಡಿ ನಿರ್ಧರಿಸುವುದು ಸಲ್ಲದು, ನೀರಿಗೆ ಬಣ್ಣವಿಲ್ಲ.

ಕೆಲಸವೇನೋ ಸರಳ. ಒಬ್ಬರು ಪೆಡಲನ್ನು ತುಳಿದು ಹಿಡಿಯಬೇಕು. ಇನ್ನೊಬ್ಬರು ಗಾಲಿಯ ಬಳಿಯ ಬ್ಲೀಡರ್ ತಿರುಪನ್ನು ಸಡಿಲಿಸಿ ಹಳೆಯ ದ್ರವವನ್ನು ಕೊಳವೆಯಿಂದ ಸೀಸೆಗೆ ಬಿಟ್ಟು, ತಿರುಪನ್ನು ಬಿಗಿದ ಮೇಲೆಯೇ “ಬಿಡು” ಎನ್ನಬೇಕು. ಮೇಲಿನ ಡಬ್ಬಿ ಬರಿದಾಗಗೊಟ್ಟರೆ ಗಾಳಿ ಸೇರಿ, ಮೆಕ್ಯಾನಿಕ್ಕುಗಳು ‘ಏರ್ ತೆಗೆಯುವುದು’ ಎನ್ನುವ ಕೆಲಸ ಮೊದಲಿನಿಂದ ಆರಂಭವಾಗುತ್ತದೆ. ಗಾಲಿಗಳ ಸರದಿಯನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಕಳೆದ ವರ್ಷ ತೆರೆದಿಟ್ಟ ಡಬ್ಬಿಯ ಉಳಿಕೆಯನ್ನು ಉಳಿತಾಯವೆಂದು ಸುರಿಯಬಾರದು. ಅದೂ ಅಷ್ಟು ದಿನ ತೇವ ಕುಡಿದಿದೆ. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಏಳುತ್ತದೆ, ಒಡನೆಯೇ ನೀರಿನಿಂದ ತೊಳೆಯಬೇಕು. ಎಲ್ಲ ಮುಗಿದ ಮೇಲೆ ಎಂಜಿನನ್ನು ಚಾಲೂ ಮಾಡಿ, ಕಾರು ನಿಂತಿರುವಾಗಲೇ ಪೆಡಲನ್ನು ಬಲವಾಗಿ ತುಳಿದು ಅರ್ಧ ನಿಮಿಷ ಹಿಡಿದು ನೋಡಬೇಕು. ಅದು ಮೆಲ್ಲಗೆ ಕೆಳಕ್ಕಿಳಿಯುತ್ತಿದ್ದರೆ ಆ ದಿನ ಕಾರು ಮನೆಯಲ್ಲಿಯೇ ಇರಲಿ.