ಹಳೇ ಡೋಜರ್ ಕೊಳ್ಳುವ ಮುನ್ನ ಚೈನ್ ನೋಡಿ

ಹಳೇ ಡೋಜರ್ ಕೊಳ್ಳಲು ಹೋದವರು ಮೊದಲು ಇಂಜಿನ್ ಸ್ಟಾರ್ಟ್ ಮಾಡಿಸಿ ಸದ್ದು ಕೇಳುತ್ತಾರೆ. ನಾನು ಮೊದಲು ಮಂಡಿಯೂರಿ ಚೈನ್ ನೋಡುತ್ತೇನೆ. ಹೊಸಪೇಟೆ, ಸಂಡೂರು ಸುತ್ತ ಚೈನ್ ಗಾಡಿಗಳ ರಿಪೇರಿಯಲ್ಲೇ ತಲೆ ನರೆತವನು. "ಮೇಸ್ತ್ರಿ, ಬೆಮೆಲ್ ಗಾಡಿ ಒಂದು ಮಾರಾಟಕ್ಕೈತಿ, ಒಂದ್ಸಲ ಬಂದು ನೋಡ್ರಿ" ಎಂದು ಕರೆಯುವ ಹುಡುಗರ ಬೆನ್ನ ಹಿಂದೆ ಅಡವಿಟ್ಟ ಹೊಲ, ತಾಯಿಯ ಬಂಗಾರ ಇರುವುದನ್ನು ಕಂಡಿದ್ದೇನೆ. ಅದಕ್ಕೇ ಈ ಮಾತು.

ಡೋಜರ್‌ನ ರಿಪೇರಿ ಖರ್ಚಿನಲ್ಲಿ ಸುಮಾರು ಅರ್ಧ ಹೋಗುವುದು ಅದರ ಕಾಲಿಗೆ: ಚೈನ್, ಪ್ಯಾಡ್, ರೋಲರ್, ಐಡ್ಲರ್, ಸ್ಪ್ರಾಕೆಟ್. ಎತ್ತು ಕೊಳ್ಳುವಾಗ ಗೊರಸು ನೋಡದೆ ಹಗ್ಗ ಹಿಡಿಯುವ ರೈತನಿಲ್ಲ. ಡೋಜರ್ ಮುಂದೆ ಮಾತ್ರ ಹಳದಿ ಬಣ್ಣಕ್ಕೆ ಮರುಳಾಗುತ್ತೇವೆ. ಸ್ಪ್ರಾಕೆಟ್ ಹಲ್ಲು ಚೂಪಾಗಿದ್ದರೆ ಚೈನ್ ಎಳೆದು ಉದ್ದವಾಗಿದೆ ಎಂದು ತಿಳಿಯಿರಿ. ಪಿನ್, ಬುಷ್ ಒಂದೇ ಮಗ್ಗುಲಲ್ಲಿ ಸವೆಯುತ್ತವೆ. ಅವನ್ನು ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಇನ್ನಷ್ಟು ಕಾಲ ಓಡುತ್ತವೆ. ಹಾಗೆ ಒಮ್ಮೆ ತಿರುಗಿಸಿ ಆಗಿದೆಯೇ ಎಂದು ಮಾರುವವರನ್ನು ನೇರವಾಗಿ ಕೇಳಿ. ಆಗಿದ್ದರೆ ಮುಂದಿನದು ಹೊಸ ಚೈನೇ. ಅದರ ದುಡ್ಡನ್ನು ಈಗಲೇ ಗಾಡಿಯ ಬೆಲೆಗೆ ಕೂಡಿಸಿ ಲೆಕ್ಕ ಹಾಕಿ.

ಗಾಡಿ ಎಲ್ಲಿ ದುಡಿದು ಬಂದಿದೆ ಎಂಬುದೂ ಮುಖ್ಯ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ನಮ್ಮ ಕಡೆ ಟಿಪ್ಪರ್, ಡೋಜರ್‌ಗಳು ಸಾಲುಸಾಲಾಗಿ ನಿಂತು ತುಕ್ಕು ಹಿಡಿದವು. ಅದಿರಿನ ಧೂಳು ಉಕ್ಕನ್ನು ಅರೆಯುತ್ತದೆ. ಕೆರೆ ಹೂಳು, ಹೊಲದ ಮಣ್ಣು ತಳ್ಳಿದ ಗಾಡಿಗೂ ಗಣಿಯಲ್ಲಿ ದುಡಿದ ಗಾಡಿಗೂ, ಮೀಟರಿನಲ್ಲಿ ಗಂಟೆ ಒಂದೇ ಇದ್ದರೂ, ಆಯುಷ್ಯ ಒಂದೇ ಅಲ್ಲ. ಅವರ್ ಮೀಟರನ್ನಂತೂ ನಾನು ನಂಬುವುದೇ ಇಲ್ಲ.

ಇಂಜಿನ್ ನೋಡುವುದಾದರೆ ಬೆಳಗ್ಗೆ, ತಣ್ಣಗಿರುವಾಗ ನೋಡಿ. ನೀವು ಹೋಗುವಷ್ಟರಲ್ಲಿ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಗಾಡಿಯನ್ನು ಎರಡೂ ಕಡೆಗೆ ತಿರುಗಿಸಿ, ಬ್ಲೇಡ್ ತುಂಬ ಮಣ್ಣು ತಳ್ಳಿಸಿ, ಬ್ಲೇಡನ್ನು ಮೇಲೆತ್ತಿಸಿ ದೂರ ನಿಂತು ನೋಡಿ. ತಾನಾಗಿ ಇಳಿದರೆ ಹೈಡ್ರಾಲಿಕ್ ಸೋರುತ್ತಿದೆ. ಕೋಲಾರದ ಕೆಜಿಎಫ್‌ನಲ್ಲಿ ತಯಾರಾದ ಬೆಮೆಲ್ ಡೋಜರ್‌ಗಳಿಗೆ ಬಿಡಿಭಾಗವೂ ಸಿಗುತ್ತದೆ, ಕೈಯಿಡಬಲ್ಲ ಮೆಕ್ಯಾನಿಕ್ಕೂ ಸಿಗುತ್ತಾನೆ. ಅಗ್ಗಕ್ಕೆ ಸಿಕ್ಕಿತೆಂದು ಹೆಸರೇ ಕೇಳದ ವಿದೇಶಿ ಗಾಡಿ ತಂದರೆ ಒಂದು ಸೀಲಿಗಾಗಿ ವಾರಗಟ್ಟಲೆ ನಿಲ್ಲಿಸಬೇಕಾದೀತು.

ಇಷ್ಟೆಲ್ಲ ಸರಿಯಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ, ನನ್ನ ಮಟ್ಟಿಗೆ ದೊಡ್ಡದೇ ಅದು. ಕೆಲಸ ಎಲ್ಲಿದೆ? ಕೆರೆ ಹೂಳು, ಹೊಲ ಸಮ ಮಾಡುವುದು, ಎಲ್ಲ ಸುಗ್ಗಿ ಮುಗಿದು ಮುಂಗಾರು ಬರುವ ನಡುವಿನ ಕೆಲಸ. ಸಾಲದ ಕಂತಿಗೆ ಮಳೆಗಾಲವಿಲ್ಲ. ಅದರಲ್ಲೂ ಸಣ್ಣಪುಟ್ಟ ಕೆಲಸವನ್ನೆಲ್ಲ ಜೆಸಿಬಿ, ಹಿಟಾಚಿಗಳೇ ಹಿಡಿದಿವೆ. ಜೆಸಿಬಿ ಟೈರಿನ ಮೇಲೆ ತಾನೇ ಓಡಿ ಹೋಗುತ್ತದೆ. ಟನ್‌ಗಟ್ಟಲೆ ತೂಗುವ ಡೋಜರ್ ಪಕ್ಕದ ಊರಿಗೆ ಹೋಗಬೇಕಾದರೂ ಟ್ರೈಲರ್ ಬೇಕು. ಎರಡು ದಿನದ ಕೆಲಸಕ್ಕೆ ಕರೆದರೆ ಟ್ರೈಲರ್ ಬಾಡಿಗೆ, ಡೀಸೆಲ್, ಆಪರೇಟರ್ ಬಾಟಾ ಕಳೆದು ಮಾಲೀಕನಿಗೆ ಏನೂ ಗಿಟ್ಟುವುದಿಲ್ಲ.

ಹತ್ತಾರು ಎಕರೆ ಗುಡ್ಡದ ಜಮೀನು ಇರುವವರು, ಸ್ಪ್ಯಾನರ್ ಹಿಡಿಯಬಲ್ಲವರು, ಕೈಯಲ್ಲಿ ಸ್ವಂತ ದುಡ್ಡಿರುವವರು ಧೈರ್ಯವಾಗಿ ಕೊಳ್ಳಲಿ. ಹಳೇ ಡೋಜರ್ ಮಾಡುವ ಕೆಲಸ ಹೊಸದಕ್ಕಿಂತ ಕಡಿಮೆಯೇನಲ್ಲ. ಉಳಿದವರು ಗಂಟೆ ಬಾಡಿಗೆಗೆ ತರಿಸಿಕೊಳ್ಳುವುದೇ ಮೇಲು. ಕೊಂಡೇ ತೀರುತ್ತೇನೆ ಎನ್ನುವವರು ಮೂಲ ಬಿಲ್, ಚಾಸಿಸ್ ನಂಬರ್, ಫೈನಾನ್ಸ್ ಕಂಪನಿಯ ಸಾಲ ತೀರಿದ ಪತ್ರ ಇವು ಮೂರೂ ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ. ಒಂದು ಬೇಸಿಗೆಯಷ್ಟಾದರೂ ಕೆಲಸದ ಒಪ್ಪಂದ ಕೈಯಲ್ಲಿಲ್ಲದೆ ಹೊಲದ ಪತ್ರ ಅಡವಿಡಬೇಡಿ.