ಕಡತದೊಡನೆ ಬಂದ ಅಭ್ಯಾಸ

ನಂಜನಗೂಡನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಕಪಿಲೆ ಬರಿಯ ನೀರನ್ನಷ್ಟೇ ತರುವುದಿಲ್ಲ; ದಾರಿಯ ಮಣ್ಣಿನ ಬಣ್ಣವನ್ನೂ ತರುತ್ತಾಳೆ. ಗಣಕಯಂತ್ರದ ಕಡತಗಳ ಸ್ವಭಾವವೂ ಇಂತಹುದೇ. ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗುವಾಗ ಅವು ಹೊತ್ತೊಯ್ಯುವುದು ಗೆರೆ, ಅಂಕಿಗಳನ್ನು ಮಾತ್ರವಲ್ಲ, ಕಳುಹಿಸಿದವರ ಅಭ್ಯಾಸಗಳನ್ನೂ.

ನಂಜನಗೂಡಿನಲ್ಲಿ ಮನೆಗಳ ನಕ್ಷೆ ಬರೆಯುವ ಇಂಜಿನಿಯರರೊಬ್ಬರೂ, ತಿ. ನರಸೀಪುರದಲ್ಲಿ ಆ ನಕ್ಷೆಗಳಿಗೆ ಖರ್ಚಿನ ಅಂದಾಜುಪಟ್ಟಿ ಮಾಡುವ ಅವರ ಭಾವಮೈದುನನೂ ಇದ್ದರೆಂದು ವಾಚಕರು ಭಾವಿಸಲಿ. ಕಟ್ಟಬೇಕಾದದ್ದು ನಿವೃತ್ತ ಮೇಷ್ಟ್ರೊಬ್ಬರ ಮನೆ. ಭಾವ ಕಳುಹಿಸಿದ ಎಕ್ಸೆಲ್ ಪಟ್ಟಿಯನ್ನು ಮೈದುನ ಬೆಳಗ್ಗೆ ಮೊದಲು ತೆರೆದ. ಅನಂತರ ತನ್ನ ಅಂದಾಜುಪಟ್ಟಿಯನ್ನು ತೆರೆದು, ಏರಿದ ಕಬ್ಬಿಣದ ದರವನ್ನು ತುಂಬಿ, ಕೆಳಗಿನ ಮೊತ್ತವನ್ನು ಮೇಷ್ಟ್ರಿಗೆ ದೂರವಾಣಿಯಲ್ಲಿ ಓದಿ ಹೇಳಿದ. ಅವರು ಅಷ್ಟಕ್ಕೇ ಬ್ಯಾಂಕಿನಲ್ಲಿ ಸಾಲದ ಅರ್ಜಿ ಹಾಕಿದರು. ಸಂಜೆ ಕಡತವನ್ನು ಉಳಿಸಿದೊಡನೆ ಮೊತ್ತ ಎಪ್ಪತ್ತು ಸಾವಿರ ರೂಪಾಯಿ ಮೇಲಕ್ಕೆ ಹಾರಿತು!

"ಏನು ಭಾವ, ನನ್ನ ಲೆಕ್ಕಕ್ಕೆ ಕೈಯಾಡಿಸಿದಿರಾ?"

"ನಿನ್ನ ಲೆಕ್ಕವನ್ನು ನಾನು ಕಂಡೇ ಇಲ್ಲವಲ್ಲಯ್ಯ!"

ಇಬ್ಬರ ಮಾತೂ ಸತ್ಯ. ದೊಡ್ಡ ಪಟ್ಟಿಗಳು ಪ್ರತಿ ಅಂಕಿಗೂ ಮರುಲೆಕ್ಕ ಮಾಡುತ್ತ ತಡವರಿಸುತ್ತವೆಂದು ಭಾವ ಎಂದೋ ತನ್ನ ಎಕ್ಸೆಲ್‌ನಲ್ಲಿ 'ಕೇಳಿದಾಗ ಮಾತ್ರ ಲೆಕ್ಕ' ಎಂಬ ಆಯ್ಕೆಯನ್ನು ಮಾಡಿದ್ದರು. ಎಕ್ಸೆಲ್‌ನ ವಿಚಿತ್ರ ಧರ್ಮವೆಂದರೆ, ಮೊದಲು ತೆರೆದ ಕಡತದ ಈ ಆಯ್ಕೆಯೇ ಅನಂತರ ತೆರೆದವುಗಳಿಗೂ ಶಾಸನವಾಗುತ್ತದೆ. ಅವನ್ನು ಉಳಿಸಿದರೆ ಆ ಆಯ್ಕೆಯೂ ಅವುಗಳಲ್ಲಿ ಉಳಿದು, ಅಂಟುಜಾಡ್ಯದಂತೆ ಮೂರನೆಯವರ ಯಂತ್ರಕ್ಕೂ ದಾಟಬಹುದು. ಉಳಿಸುವಾಗ ಸಾಮಾನ್ಯವಾಗಿ ಮರುಲೆಕ್ಕ ನಡೆಯುತ್ತದೆ. ಅದರಿಂದಲೇ ಸಂಜೆ ನಿಜ ಹೊರಬಿದ್ದಿತು.

ನಕ್ಷೆ ಬರೆಯುವ ಆಟೋಕ್ಯಾಡ್‌ನಲ್ಲಿಯೂ ಕೆಲವು ಆಯ್ಕೆಗಳು ಯಂತ್ರದಲ್ಲಿಯೇ ನಿಲ್ಲುತ್ತವೆ, ಕೆಲವು ಕಡತದೊಡನೆ ಪ್ರಯಾಣ ಮಾಡುತ್ತವೆ. ಮಿಲಿಮೀಟರಿನಲ್ಲಿ ಬರೆದ ಬಾಗಿಲಿನ ಕಡತದಲ್ಲಿ ಮಾನವು ಅಂಗುಲವೆಂದು ನಮೂದಾಗಿದ್ದರೆ, ಮಿಲಿಮೀಟರಿನ ನಕ್ಷೆಗೆ ಸೇರಿಸಿದಾಗ ಅದು 25.4 ಪಟ್ಟು ಬೆಳೆದು ಮನೆಯನ್ನೇ ನುಂಗೀತು. ಆದರೆ ಮನೆಗಿಂತ ದೊಡ್ಡ ಬಾಗಿಲು ಕಣ್ಣಿಗೆ ಬೀಳುತ್ತದೆ. ಹಳೆಯ ಮೊತ್ತ ಹೊಸದರ ಸ್ಥಾನದಲ್ಲಿ ಕುಳಿತಿದ್ದರೆ ಯಾರ ಕಣ್ಣಿಗೂ ಬೀಳದು. ಅಪಾಯವಿರುವುದು ಅಲ್ಲಿ.

ಅಳತೆಯ ಗೊಂದಲ ನಮಗೆ ಹೊಸದಲ್ಲ. ಊರಿಗೊಂದು ಸೇರು, ಸೀಮೆಗೊಂದು ಕೊಳಗವಿದ್ದ ನಾಡಿಗೆ ಏಕರೂಪದ ಮಾನವನ್ನು ತರಲು 1956ರಲ್ಲಿ ಕಾಯಿದೆಯೇ ಬೇಕಾಯಿತು. ಇಬ್ಬರು ಕೂಡಿ ಮಾಡುವ ಕೆಲಸಕ್ಕೆ ಅಂತಹ ಕಾಯಿದೆ ಬೇಡ; ಒಂದು ಒಡಂಬಡಿಕೆ ಸಾಕು. ಬಳಸುವ ಮಾನವನ್ನು ನಕ್ಷೆಯ ಮೂಲೆಯಲ್ಲಿ ಬರೆಯುವುದು. ಬಂದ ಪಟ್ಟಿಯನ್ನು ತೆರೆದೊಡನೆ ಲೆಕ್ಕದ ಆಯ್ಕೆಯನ್ನು ನೋಡುವುದು. ಮೊತ್ತವನ್ನು ಹೇಳುವ ಮೊದಲು ಎಫ್9 ಕೀಲಿಯನ್ನೊತ್ತುವುದು.

ಕಾಶಿಗಿಂತ ತಿರುಮಕೂಡಲು ಒಂದು ಗುಲಗಂಜಿ ತೂಕ ಹೆಚ್ಚೆಂದು ಆ ಸೀಮೆಯ ಜನ ಹೇಳುತ್ತಾರೆ. ಗುಲಗಂಜಿಯಷ್ಟರ ಮಹತ್ವವನ್ನು ಬಲ್ಲ ಊರಿನವನು ಮೈದುನ. ಮರುದಿನವೇ ಮೇಷ್ಟ್ರ ಮನೆಗೆ ಹೋಗಿ ತಪ್ಪನ್ನೊಪ್ಪಿಕೊಂಡ; ಅರ್ಜಿ ತಿದ್ದಲ್ಪಟ್ಟಿತು. ಭಾವನಿಗೆ ಮಾತ್ರ ಅವನು ಆಡಿದ ಆ ಒಂದು ಮಾತನ್ನು ಹಿಂದಕ್ಕೆ ಪಡೆಯಲು ಯಾವ ಕೀಲಿಯೂ ಇರಲಿಲ್ಲ. ಲೆಕ್ಕ ತಪ್ಪಿದಾಗ ಮನುಷ್ಯನನ್ನು ಶಂಕಿಸುವ ಮುನ್ನ ಕಡತವನ್ನು ವಿಚಾರಿಸುವುದು ಲೇಸು.