ಮೊಹರಿಗೆ ಐವತ್ತು ರೂಪಾಯಿ, ದಲ್ಲಾಳಿಗೆ ಎಷ್ಟು?

ಗಿರಣಿಯ ಕೂಲಿ ಸಾಲದೆ ಕೊಲ್ಲಿ ದೇಶಕ್ಕೆ ಹೊರಟ ಕಾರ್ಮಿಕನನ್ನು ಅಲ್ಲಿನ ಮಾಲೀಕ ಕೇಳುವುದು ಎಸ್.ಎಸ್.ಎಲ್.ಸಿ. ಅಂಕಪಟ್ಟಿ. ಅದನ್ನು ಕೊಟ್ಟದ್ದು ಸರಕಾರದ ಮಂಡಳಿ. ಆದರೂ ಅದು ನಿಜವೆಂದು ಮೊದಲು ರಾಜ್ಯದ ಅಧಿಕಾರಿ, ಬಳಿಕ ಕೇಂದ್ರದ ವಿದೇಶಾಂಗ ಖಾತೆ ಮೊಹರು ಒತ್ತಬೇಕು. ಹೊರದೇಶಕ್ಕೆ ಸರಕು ಕಳಿಸುವ ಸಣ್ಣ ವ್ಯಾಪಾರಿಯಾದರೆ, ತನ್ನ ಬಿಲ್ಲಿಗೆ ಮೊದಲು ವಾಣಿಜ್ಯ ಮಂಡಳಿಯ ಮೊಹರು ಹಾಕಿಸಬೇಕು.

ಈ ಅಲೆದಾಟ ತಗ್ಗಲೆಂದೇ 1961ರಲ್ಲಿ ಹೇಗ್ ನಗರದಲ್ಲಿ ಒಪ್ಪಂದವಾಯಿತು. ಸೇರಿದ ದೇಶಗಳ ನಡುವೆ ‘ಅಪೊಸ್ಟೀಲ್’ ಎಂಬ ಮುದ್ರೆಯೊಂದಿದ್ದರೆ ರಾಯಭಾರ ಕಚೇರಿಯ ಬಾಗಿಲು ಕಾಯಬೇಕಿಲ್ಲ. ಅದು ಭಾರತದಲ್ಲಿ 2005ರಲ್ಲೂ, ಒಮಾನಿನಲ್ಲಿ 2012ರಲ್ಲೂ, ಸೌದಿ ಅರೇಬಿಯಾದಲ್ಲಿ 2022ರಲ್ಲೂ ಜಾರಿಗೆ ಬಂತು. ಹೊರಗಿನ ಬಾಗಿಲು ಹೀಗೆ ತೆರೆಯಿತು. ಒಳಗಿನ ಬಾಗಿಲುಗಳು ಇದ್ದಲ್ಲೇ ಇವೆ.

ಅಪೊಸ್ಟೀಲಿಗೆ ವಿದೇಶಾಂಗ ಖಾತೆಯ ಶುಲ್ಕ ಕಾಗದವೊಂದಕ್ಕೆ ಬರೀ 50 ರೂಪಾಯಿ. ಆದರೆ 2012ರಲ್ಲಿ ಖಾತೆಯು ಕಾಗದ ಪಡೆಯುವ ಕೆಲಸವನ್ನು ಖಾಸಗಿ ಏಜೆನ್ಸಿಗಳಿಗೆ ಒಪ್ಪಿಸಿತು. ದರ ತಿಳಿಯದ ಬಡವ ದಲ್ಲಾಳಿ ಕೇಳಿದಷ್ಟು ತೆರುತ್ತಾನೆ. ‘ಇ-ಸನದ್’ ಎಂಬ ಆನ್‌ಲೈನ್ ವ್ಯವಸ್ಥೆಯೇನೋ ಇದೆ; ಕಾಗದ ಕೊಟ್ಟ ಸಂಸ್ಥೆ ಅದರೊಳಗೆ ಸೇರಿದ್ದರೆ ಮಾತ್ರ ಅದರಿಂದ ಪ್ರಯೋಜನ.

ತಾನೇ ಕೊಟ್ಟ ಕಾಗದವನ್ನು ತಾನೇ ನಂಬದ ಸರಕಾರ, ಆ ಅಪನಂಬಿಕೆಯ ಖರ್ಚನ್ನು ದುಡಿಯುವವನ ತಲೆಗೆ ಕಟ್ಟುವುದು ಯಾವ ನ್ಯಾಯ? ಪರಿಶೀಲನೆ ಬೇಡವೆಂದು ನಾವು ಹೇಳುವುದಿಲ್ಲ. ಖೋಟಾ ಸರ್ಟಿಫಿಕೇಟಿನಿಂದ ಕೆಡುವುದು ಪ್ರಾಮಾಣಿಕ ಕಾರ್ಮಿಕನ ಹೆಸರೇ. ನಾವು ಕೇಳುವುದಿಷ್ಟು: ಪ್ರತಿಯೊಂದು ಜಿಲ್ಲಾಧಿಕಾರಿ ಕಚೇರಿಯಲ್ಲೂ ಇದಕ್ಕೊಂದು ಸರಕಾರಿ ಕೌಂಟರು ತೆರೆಯಲಿ, ದರಪಟ್ಟಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ತೂಗುಹಾಕಲಿ. ಅಲ್ಲಿಯವರೆಗೆ, ಓದುಗರೇ, ರಸೀತಿ ಕೇಳದೆ ಯಾರ ಕೈಗೂ ಕಾಸು ಕೊಡಬೇಡಿ.